ಮೈಟೋಕಾಂಡ್ರಿಯಾ ಮತ್ತು ಮಧುಮೇಹ: ಯಾವ ಜೀವಕೋಶದಲ್ಲಿ ಏನಾಗುತ್ತದೆ

ಮೈಟೋಕಾಂಡ್ರಿಯಾ ಎಂಬುದು ಜೀವಕೋಶದೊಳಗಿನ ಒಂದು ಕಣದಂಗ. ನಾವು ಉಂಡ ಆಹಾರದಿಂದ ಬಂದ ಗ್ಲೂಕೋಸ್ ಮತ್ತು ಕೊಬ್ಬನ್ನು ಆಮ್ಲಜನಕದ ನೆರವಿನಿಂದ ದಹಿಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದು ಇದರ ಮುಖ್ಯ ಕೆಲಸ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಇದನ್ನು ಜೀವಕೋಶದ ಶಕ್ತಿಕೇಂದ್ರ ಎಂದು ಹೇಳಿಕೊಡಲಾಗುತ್ತದೆ. ಮಧುಮೇಹ, ಬೊಜ್ಜು, ಫ್ಯಾಟಿ ಲಿವರ್ ಮುಂತಾದ ಚಯಾಪಚಯ ಕಾಯಿಲೆಗಳ ಬಗ್ಗೆ ಮಾತು ಬಂದಾಗ ಈಗ ಇದರ ಹೆಸರು ಪದೇ ಪದೇ ಕೇಳಿಬರುತ್ತಿದೆ. ಮೈಟೋಕಾಂಡ್ರಿಯಾ ದುರ್ಬಲವಾದರೆ ಸಕ್ಕರೆ ಕಾಯಿಲೆ ಬರುತ್ತದೆ, ಅದನ್ನು ಬಲಪಡಿಸಿದರೆ ಗುಣವಾಗುತ್ತದೆ ಎಂದು ಹೇಳಿ ಮಾತ್ರೆ, ಪುಡಿಗಳನ್ನು ಮಾರುವವರೂ ಇದ್ದಾರೆ. ವಿಷಯ ಅಷ್ಟು ಸರಳವಾಗಿಲ್ಲ. ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶ, ಸ್ನಾಯುಕೋಶ, ಲಿವರ್ ಕೋಶ, ಕೊಬ್ಬಿನ ಕೋಶ ಈ ನಾಲ್ಕರಲ್ಲೂ ಮೈಟೋಕಾಂಡ್ರಿಯಾದ ಹೊಣೆ ಬೇರೆ ಬೇರೆ. ಅದು ಕೆಡುವ ರೀತಿಯೂ ಬೇರೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಆದ್ದರಿಂದ ಇದು ಪ್ರಯೋಗಾಲಯಕ್ಕೆ ಮಾತ್ರ ಸೇರಿದ ವಿಷಯವಲ್ಲ.

ರಚನೆ ಮತ್ತು ಕೆಲಸ

ಮೈಟೋಕಾಂಡ್ರಿಯಾಕ್ಕೆ ಎರಡು ಪೊರೆಗಳಿವೆ. ಒಳಪೊರೆ ಮಡಿಕೆ ಮಡಿಕೆಯಾಗಿದ್ದು, ಅದರಲ್ಲಿ ಪ್ರೋಟೀನ್‌ಗಳ ಒಂದು ಸಾಲು ಇರುತ್ತದೆ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಈ ಸಾಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗಿ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಹೀಗೆ ಸಾಗುವಾಗ ಬಿಡುಗಡೆಯಾದ ಶಕ್ತಿಯಿಂದ ಪ್ರೋಟಾನ್‌ಗಳು ಒಳಪೊರೆಯ ಹೊರಬದಿಗೆ ತಳ್ಳಲ್ಪಡುತ್ತವೆ. ಅಣೆಕಟ್ಟಿನ ಹಿಂದೆ ನಿಂತ ನೀರು ಟರ್ಬೈನ್ ತಿರುಗಿಸಿಕೊಂಡು ಕೆಳಗಿಳಿಯುವಂತೆ, ಹೊರಬದಿಯಲ್ಲಿ ಒತ್ತಡದಲ್ಲಿರುವ ಪ್ರೋಟಾನ್‌ಗಳು ಒಂದು ಕಿಣ್ವದ ಮೂಲಕ ಒಳಕ್ಕೆ ಮರಳುವಾಗ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುತ್ತದೆ. 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಇದನ್ನು ಸೂಚಿಸಿದಾಗ ಒಪ್ಪಿದವರು ಕಡಿಮೆ. 1978ರಲ್ಲಿ ಇದೇ ಸಿದ್ಧಾಂತಕ್ಕೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಎಟಿಪಿಯನ್ನು ಕೂಡಿಡಲು ಆಗುವುದಿಲ್ಲ. ತಯಾರಾದ ಹಾಗೆಯೇ ಖರ್ಚಾಗುತ್ತದೆ. ಒಂದು ದಿನದಲ್ಲಿ ಹೀಗೆ ತಯಾರಾಗಿ, ಖರ್ಚಾಗಿ, ಮತ್ತೆ ತಯಾರಾಗುವ ಎಟಿಪಿಯನ್ನು ಒಟ್ಟು ಮಾಡಿ ತೂಗಿದರೆ ಅದು ಹೆಚ್ಚುಕಡಿಮೆ ಮನುಷ್ಯನ ತೂಕದಷ್ಟೇ ಆಗುತ್ತದೆ. ಬೇಡಿಕೆ ಇಲ್ಲದಿದ್ದರೆ ಉತ್ಪಾದನೆಯೂ ನಿಧಾನವಾಗುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ. ಕೆಲಸವಿಲ್ಲದ ಕೋಶಕ್ಕೆ ಇಂಧನ ಮಾತ್ರ ಬಂದು ಬೀಳುತ್ತಿದ್ದರೆ ಎಲೆಕ್ಟ್ರಾನ್‌ಗಳ ಸಾಗಾಟ ಕಟ್ಟಿಕೊಳ್ಳುತ್ತದೆ. ಆಗ ಕೆಲವು ಎಲೆಕ್ಟ್ರಾನ್‌ಗಳು ದಾರಿ ತಪ್ಪಿ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಚುರುಕಾದ ವಸ್ತುಗಳಾಗುತ್ತವೆ. ಅಲ್ಪ ಪ್ರಮಾಣದಲ್ಲಿ ಇವು ಕೋಶಕ್ಕೆ ಸಂಕೇತಗಳು, ಮಿತಿಮೀರಿದರೆ ಹಾನಿ.

ಮೈಟೋಕಾಂಡ್ರಿಯಾಕ್ಕೆ ತನ್ನದೇ ಆದ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದರ ಉದ್ದ 16,569 ಅಕ್ಷರಗಳು, ವಂಶವಾಹಿಗಳು 37. ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದರೆ ಮೈಟೋಕಾಂಡ್ರಿಯಾದಲ್ಲಿರುವ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳಲ್ಲಿ 13 ಮಾತ್ರ ಈ ಡಿಎನ್‌ಎಯಿಂದ ತಯಾರಾಗುತ್ತವೆ. ಉಳಿದವುಗಳ ಸೂತ್ರ ಕೋಶಕೇಂದ್ರದಲ್ಲಿದ್ದು, ಅದು ತಂದೆತಾಯಿ ಇಬ್ಬರಿಂದಲೂ ಬಂದಿರುತ್ತದೆ.

ಬೀಟಾ ಕೋಶ: ಸಕ್ಕರೆಯನ್ನು ಅಳೆಯುವ ಮಾಪಕ

ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಮೈಟೋಕಾಂಡ್ರಿಯಾ ಶಕ್ತಿ ಒದಗಿಸುವುದಷ್ಟೇ ಅಲ್ಲ, ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯುವ ಕೆಲಸವನ್ನೂ ಮಾಡುತ್ತದೆ. ಊಟದ ನಂತರ ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅದು ಬೀಟಾ ಕೋಶದ ಒಳಗೂ ಹೆಚ್ಚು ಬರುತ್ತದೆ. ಮೈಟೋಕಾಂಡ್ರಿಯಾ ಅದನ್ನು ದಹಿಸಿ ಎಟಿಪಿ ಹೆಚ್ಚಿಸುತ್ತದೆ. ಎಟಿಪಿ ಹೆಚ್ಚಿದ ಕೂಡಲೇ ಕೋಶದ ಹೊರಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಇದರಿಂದ ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಿದ್ಧವಾಗಿ ಕುಳಿತ ಇನ್ಸುಲಿನ್ ಹೊರಬೀಳುತ್ತದೆ. ಗ್ಲೂಕೋಸ್ ಈ ದ್ವಾರವನ್ನು ಮುಚ್ಚಿಸುತ್ತದೆ ಎಂಬುದನ್ನು 1984ರಲ್ಲಿ ಫ್ರಾನ್ಸಸ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮಧುಮೇಹಿಗಳು ಸೇವಿಸುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಮುಚ್ಚುವುದೂ ಇದೇ ದ್ವಾರವನ್ನು. ವ್ಯತ್ಯಾಸವೆಂದರೆ, ಮಾತ್ರೆ ಸಕ್ಕರೆ ಎಷ್ಟಿದೆ ಎಂದು ನೋಡುವುದಿಲ್ಲ. ಹೊಟ್ಟೆ ಖಾಲಿ ಇದ್ದರೂ ದ್ವಾರ ಮುಚ್ಚಿ ಇನ್ಸುಲಿನ್ ಬಿಡಿಸುತ್ತದೆ. ಊಟ ತಪ್ಪಿದ ದಿನ ಈ ಮಾತ್ರೆಗಳಿಂದ ಸಕ್ಕರೆ ಕುಸಿಯುವುದಕ್ಕೆ ಇದೇ ಕಾರಣ.

ಈ ಸರಪಳಿಯ ಮಧ್ಯದ ಕೊಂಡಿಯೇ ಮೈಟೋಕಾಂಡ್ರಿಯಾ ಆಗಿರುವುದರಿಂದ ಅದು ಸೊರಗಿದರೆ ಗ್ಲೂಕೋಸ್ ಎಷ್ಟಿದ್ದರೂ ಸುದ್ದಿ ತಲುಪುವುದಿಲ್ಲ. ಎರಡನೇ ವಿಧದ ಮಧುಮೇಹವಿದ್ದ ದಾನಿಗಳ ಮೇದೋಜ್ಜೀರಕದಿಂದ ತೆಗೆದ ಬೀಟಾ ಕೋಶಗಳಲ್ಲಿ ಮೈಟೋಕಾಂಡ್ರಿಯಾ ಊದಿಕೊಂಡಿರುವುದು, ಗ್ಲೂಕೋಸ್‌ಗೆ ಪ್ರತಿಯಾಗಿ ಎಟಿಪಿ ಸಾಕಷ್ಟು ಏರದಿರುವುದು ಕಂಡುಬಂದಿದೆ. ಬೀಟಾ ಕೋಶದ ಇನ್ನೊಂದು ಬಲಹೀನತೆಯೆಂದರೆ, ಪೆರಾಕ್ಸೈಡ್‌ನಂತಹ ವಸ್ತುಗಳನ್ನು ಶಮನ ಮಾಡುವ ಕಿಣ್ವಗಳು ಲಿವರ್ ಕೋಶಕ್ಕೆ ಹೋಲಿಸಿದರೆ ಇದರಲ್ಲಿ ತೀರಾ ಕಡಿಮೆ. ವರ್ಷಗಟ್ಟಲೆ ಸಕ್ಕರೆ ಮತ್ತು ಕೊಬ್ಬು ಎರಡೂ ಮಿತಿಮೀರಿ ಬರುತ್ತಿದ್ದರೆ ಮೊದಲು ದಣಿಯುವುದು ಇಂತಹ ಕೋಶ.

ತಾಯಿಯ ಕಡೆಯಿಂದ ಬರುವ ಮಧುಮೇಹ

ಮೈಟೋಕಾಂಡ್ರಿಯಾದ ದೋಷವೊಂದೇ ಮಧುಮೇಹ ತರಬಲ್ಲದು ಎಂಬುದಕ್ಕೆ ಸಂಶಯವಿಲ್ಲದ ಪುರಾವೆ 1992ರಲ್ಲಿ ದೊರೆಯಿತು. ಮಧುಮೇಹ ಮತ್ತು ಕಿವುಡುತನ ಎರಡೂ ತಾಯಿಯ ಕಡೆಯಿಂದ ಹರಿದುಬಂದಿದ್ದ ನೆದರ್ಲೆಂಡ್ಸ್‌ನ ಒಂದು ಕುಟುಂಬವನ್ನು ಪರೀಕ್ಷಿಸಿದಾಗ, ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ 3243ನೇ ಸ್ಥಾನದ ಒಂದೇ ಒಂದು ಅಕ್ಷರ ಬದಲಾಗಿರುವುದು ಪತ್ತೆಯಾಯಿತು. ಒಟ್ಟು ಮಧುಮೇಹಿಗಳಲ್ಲಿ ಇಂಥವರ ಪಾಲು ಬಹಳ ಸಣ್ಣದು. ಆದರೂ ಇದನ್ನು ಗುರುತಿಸುವುದರಿಂದ ಚಿಕಿತ್ಸೆಯೇ ಬದಲಾಗುತ್ತದೆ. ಇಂತಹ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಡುವುದನ್ನು ವೈದ್ಯರು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಏಕೆಂದರೆ ಅದು ಮೊದಲೇ ಕುಂಟುತ್ತಿರುವ ಮೈಟೋಕಾಂಡ್ರಿಯಾವನ್ನು ಇನ್ನಷ್ಟು ತಡೆದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಬಹುದು.

ಶಂಕೆ ಬರಬೇಕಾದ ಲಕ್ಷಣಗಳು: ದಪ್ಪವಿಲ್ಲದವರಲ್ಲಿ ನಡುವಯಸ್ಸಿಗೆ ಮುಂಚೆಯೇ ಬಂದ ಮಧುಮೇಹ, ಅದರ ಹಿಂದುಮುಂದಾಗಿ ಎರಡೂ ಕಿವಿಗಳಲ್ಲಿ ಮಂದವಾದ ಶ್ರವಣ, ತಾಯಿ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ ಇವರಲ್ಲಿಯೂ ಇದೇ ಜೋಡಿ. ಸೋದರಮಾವನಿಗೆ ಇದ್ದರೂ ಅವರ ಮಕ್ಕಳಿಗೆ ಅವರಿಂದ ಬರುವುದಿಲ್ಲ. ಈ ಬದಲಾವಣೆ ರಕ್ತದ ಕೋಶಗಳಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತ ಹೋಗುವುದರಿಂದ ಮೂತ್ರದಲ್ಲಿನ ಕೋಶಗಳ ಪರೀಕ್ಷೆ ಹೆಚ್ಚು ಭರವಸೆಯದು. ಮಗುವಿನ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ಇದು ಇದೆ ಎಂದು ಹೆದರುವ ಅಗತ್ಯವಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿರುವ ಮಧುಮೇಹ ತಂದೆತಾಯಿ ಇಬ್ಬರ ಕಡೆಯಿಂದಲೂ ಬರುವಂಥದ್ದು.

ಸ್ನಾಯುಕೋಶ: ಕಾರಣ ಯಾವುದು, ಪರಿಣಾಮ ಯಾವುದು

ಊಟದ ನಂತರ ಇನ್ಸುಲಿನ್ ಸೂಚನೆಯಂತೆ ರಕ್ತದಿಂದ ಗ್ಲೂಕೋಸನ್ನು ಹೀರಿಕೊಳ್ಳುವವರಲ್ಲಿ ಸ್ನಾಯುಗಳದ್ದು ದೊಡ್ಡ ಪಾಲು. ಸ್ನಾಯು ಇನ್ಸುಲಿನ್ನಿನ ಮಾತು ಕೇಳದಿರುವುದೇ ಇನ್ಸುಲಿನ್ ಪ್ರತಿರೋಧ. ಎರಡನೇ ವಿಧದ ಮಧುಮೇಹ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಇದು ಶುರುವಾಗಿರುತ್ತದೆ.

2004ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಿಟ್ ಪೀಟರ್ಸನ್, ಜೆರಾಲ್ಡ್ ಶುಲ್ಮನ್ ಮತ್ತಿತರರು ಮಧುಮೇಹಿ ತಂದೆತಾಯಿಯರ ಮಕ್ಕಳನ್ನು ಪರೀಕ್ಷಿಸಿದರು. ಇವರು ತೆಳ್ಳಗಿನ, ಆರೋಗ್ಯವಂತ ಯುವಜನರು. ಆದರೂ ಇನ್ಸುಲಿನ್ ಪ್ರತಿರೋಧವಿತ್ತು. ಅವರ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾ ಎಟಿಪಿ ತಯಾರಿಸುವ ವೇಗ ಸುಮಾರು ಶೇ. 30ರಷ್ಟು ಕಡಿಮೆ ಇತ್ತು, ಸ್ನಾಯುಕೋಶದೊಳಗೆ ಸೇರಿಕೊಂಡ ಕೊಬ್ಬು ಸುಮಾರು ಶೇ. 80ರಷ್ಟು ಹೆಚ್ಚಿತ್ತು. ಇದರಿಂದ ಹುಟ್ಟಿದ ವಾದ ಹೀಗಿದೆ: ಮೈಟೋಕಾಂಡ್ರಿಯಾ ಮಂದವಾಗಿರುವುದರಿಂದ ಕೊಬ್ಬು ದಹಿಸದೆ ಉಳಿಯುತ್ತದೆ, ಉಳಿದ ಕೊಬ್ಬಿನ ಮಧ್ಯಂತರ ವಸ್ತುಗಳು ಇನ್ಸುಲಿನ್ ಸಂಕೇತವನ್ನು ಅರ್ಧದಲ್ಲೇ ತಡೆಯುತ್ತವೆ. ಮಾರುಕಟ್ಟೆಯಲ್ಲಿ ಕೇಳಿಬರುವ 'ಮೈಟೋಕಾಂಡ್ರಿಯಾ ದೌರ್ಬಲ್ಯ'ದ ಮಾತುಗಳಿಗೆ ಇಂತಹ ಅಧ್ಯಯನಗಳೇ ಆಧಾರ.

ಆದರೆ ನಾಲ್ಕು ವರ್ಷಗಳ ನಂತರ ಬಂದ ಇನ್ನೊಂದು ಅಧ್ಯಯನವನ್ನು ಭಾರತೀಯರಂತೂ ಗಮನಿಸಲೇಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನ ಕೆ. ಶ್ರೀಕುಮಾರನ್ ನಾಯರ್ ಮತ್ತು ಸಂಗಡಿಗರು 2008ರಲ್ಲಿ ಮೂರು ಗುಂಪುಗಳನ್ನು ಹೋಲಿಸಿದರು: ಮಧುಮೇಹವಿರುವ 13 ಭಾರತೀಯರು, ಮಧುಮೇಹವಿಲ್ಲದ 13 ಭಾರತೀಯರು, ಉತ್ತರ ಯೂರೋಪ್ ಮೂಲದ, ಮಧುಮೇಹವಿಲ್ಲದ 13 ಅಮೆರಿಕನ್ನರು. ಭಾರತೀಯರಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚಿತ್ತು. ಇದು ನಿರೀಕ್ಷಿತವೇ. ನಿರೀಕ್ಷಿಸದೇ ಇದ್ದದ್ದು, ಅವರ ಸ್ನಾಯುವಿನ ಮೈಟೋಕಾಂಡ್ರಿಯಾದ ಎಟಿಪಿ ತಯಾರಿಸುವ ಸಾಮರ್ಥ್ಯ ಅಮೆರಿಕನ್ನರಿಗಿಂತ ಹೆಚ್ಚಾಗಿದ್ದದ್ದು. ಮಧುಮೇಹ ಇದ್ದ ಭಾರತೀಯರಿಗೂ ಇಲ್ಲದ ಭಾರತೀಯರಿಗೂ ಈ ವಿಷಯದಲ್ಲಿ ಅಂತರ ಕಾಣಲಿಲ್ಲ.

ಅಂದರೆ ಮೈಟೋಕಾಂಡ್ರಿಯಾ ಚೆನ್ನಾಗಿ ಕೆಲಸ ಮಾಡಬಲ್ಲ ಸ್ಥಿತಿಯಲ್ಲಿದ್ದರೂ ಇನ್ಸುಲಿನ್ ಪ್ರತಿರೋಧ ಬರಬಹುದು. ಮೂವತ್ತೊಂಬತ್ತು ಜನರ ಅಧ್ಯಯನ ಸಣ್ಣದು ನಿಜ. ಆದರೂ 'ದುರ್ಬಲ ಮೈಟೋಕಾಂಡ್ರಿಯಾದಿಂದಲೇ ಮಧುಮೇಹ' ಎಂಬ ಏಕರೇಖೆಯ ವಿವರಣೆ ಭಾರತೀಯರಿಗೆ ಹಾಗೆಯೇ ಹೊಂದುವುದಿಲ್ಲ ಎನ್ನಲು ಇಷ್ಟು ಸಾಕು. ಅನೇಕ ಸಂಶೋಧಕರು ಈಗ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ. ಖರ್ಚಿಗಿಂತ ಇಂಧನವೇ ಹೆಚ್ಚಾಗಿ ಬರುತ್ತಿರುವಾಗ, ಸ್ನಾಯು ದುಡಿಯದೆ ಕುಳಿತಿರುವಾಗ, ಮೈಟೋಕಾಂಡ್ರಿಯಾ ಮಂದವಾಗುವುದು ಕಾಯಿಲೆಯ ಕಾರಣವೋ, ಫಲವೋ? ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದು ಸದ್ಯಕ್ಕೆ ಹೆಚ್ಚು ಒಪ್ಪಿತವಾದ ಉತ್ತರ.

ಲಿವರ್: ಹೆಚ್ಚು ದುಡಿದು ದಣಿಯುವ ಕೋಶ

ಒಂದು ಲಿವರ್ ಕೋಶದಲ್ಲಿ ಸಾವಿರಕ್ಕೂ ಮಿಕ್ಕಿ ಮೈಟೋಕಾಂಡ್ರಿಯಾಗಳಿರುತ್ತವೆ. ಲಿವರ್‌ನಲ್ಲಿ ಕೊಬ್ಬು ಸೇರತೊಡಗಿದಾಗ ಇವು ಮೊದಲು ಸೋಲುವುದಿಲ್ಲ. ಬದಲಿಗೆ ಹೆಚ್ಚು ದುಡಿಯುತ್ತವೆ. ಬೊಜ್ಜಿರುವವರ ಲಿವರ್‌ನಿಂದ ತೆಗೆದ ಮೈಟೋಕಾಂಡ್ರಿಯಾಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಜರ್ಮನಿಯ ಅಧ್ಯಯನವೊಂದರಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಕೊಬ್ಬು ಮಾತ್ರ ಇದ್ದಾಗ ಅವುಗಳ ದಹನ ಸಾಮರ್ಥ್ಯ ತೆಳ್ಳಗಿನವರಿಗಿಂತ ಹೆಚ್ಚಿತ್ತು. ಕೊಬ್ಬಿನ ಜೊತೆಗೆ ಉರಿಯೂತವೂ ಸೇರಿದ ಹಂತದಲ್ಲಿ ಮೈಟೋಕಾಂಡ್ರಿಯಾ ಸಂಖ್ಯೆ ಹೆಚ್ಚೇ ಇದ್ದರೂ ದಹನ ಕುಸಿದಿತ್ತು, ಪೆರಾಕ್ಸೈಡ್ ಏರಿತ್ತು.

ಸ್ಕ್ಯಾನಿಂಗ್ ವರದಿಯಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ಬಂದಾಗ ಅದನ್ನು ಮಡಚಿ ಬೀರುವಿನಲ್ಲಿ ಇಡುವುದು ರೂಢಿ. ಕೋಶ ಇನ್ನೂ ತನ್ನ ಶಕ್ತಿಮೀರಿ ನಿಭಾಯಿಸುತ್ತಿರುವ ಕಾಲ ಬಹುಪಾಲು ಅದೇ. ಆಗ ತೂಕ ಇಳಿಸಿದರೆ ಫಲ ಹೆಚ್ಚು. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ, ಮಧುಮೇಹ ಪತ್ತೆಯಾಗಿ ಆರು ವರ್ಷದೊಳಗಿದ್ದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರವನ್ನು ವೈದ್ಯಕೀಯ ನಿಗಾದಲ್ಲಿ ಕೆಲವು ತಿಂಗಳು ಕೊಡಲಾಯಿತು. ಒಂದು ವರ್ಷದ ಹೊತ್ತಿಗೆ ಅವರಲ್ಲಿ ಶೇ. 46ರಷ್ಟು ಮಂದಿಗೆ ಮಾತ್ರೆಯಿಲ್ಲದೆ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗೆ ನಿಂತಿತು. 2017ರಲ್ಲಿ ಇದರ ವರದಿ ಬಂತು. ಎರಡನೇ ವರ್ಷಕ್ಕೆ ಈ ಪ್ರಮಾಣ ಶೇ. 36ಕ್ಕೆ ಇಳಿಯಿತು ಎಂಬುದನ್ನೂ ಹೇಳಬೇಕು. ಲಿವರ್‌ನ ಕೊಬ್ಬು ಇಳಿದಾಗ ಕೆಲವರಲ್ಲಿ ಬೀಟಾ ಕೋಶಗಳೂ ಚೇತರಿಸಿಕೊಂಡವು. ಒಂದು ಕೋಶದ ಹೊರೆ ಇಳಿದರೆ ಇನ್ನೊಂದರ ಮೇಲಿನ ಒತ್ತಡವೂ ಇಳಿಯುತ್ತದೆ.

ಕೊಬ್ಬಿನ ಕೋಶ, ಮತ್ತು ಒಂದು ಅಪಾಯಕಾರಿ ಮಾತ್ರೆ

ಕೊಬ್ಬಿನಲ್ಲಿ ಬಿಳಿ ಮತ್ತು ಕಂದು ಎಂದು ಎರಡು ಬಗೆ. ಕಂದು ಕೊಬ್ಬಿನ ಬಣ್ಣಕ್ಕೆ ಒಂದು ಕಾರಣ ಅದರ ತುಂಬ ಇರುವ ಮೈಟೋಕಾಂಡ್ರಿಯಾ. ಇಲ್ಲಿ ಪ್ರೋಟಾನ್‌ಗಳು ಎಟಿಪಿ ತಯಾರಿಸದೆ ಬೇರೊಂದು ದಾರಿಯಿಂದ ಒಳಬಂದು ಶಕ್ತಿಯನ್ನು ಶಾಖವಾಗಿ ಬಿಡುತ್ತವೆ. ಹಸುಗೂಸುಗಳು ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳುವುದು ಹೀಗೆ. ದೊಡ್ಡವರಲ್ಲಿಯೂ ಇದು ಸ್ವಲ್ಪ ಉಳಿದಿರುತ್ತದೆ ಎಂದು 2009ರಲ್ಲಿ ಖಚಿತವಾಯಿತು.

ಇದೇ ತಂತ್ರವನ್ನು ಮಾತ್ರೆಯಿಂದ ಇಡೀ ದೇಹಕ್ಕೆ ಹೇರುವ ಪ್ರಯತ್ನ 1930ರ ದಶಕದಲ್ಲಿ ನಡೆದಿತ್ತು. ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಪ್ರೋಟಾನ್‌ಗಳನ್ನು ಸೋರಿಸಿ ಕೊಬ್ಬನ್ನು ಸುಡುತ್ತದೆ ಎಂದು ತಿಳಿದಾಗ ಅಮೆರಿಕದಲ್ಲಿ ತೂಕ ಇಳಿಸಲು ಅದನ್ನು ಧಾರಾಳವಾಗಿ ಮಾರಲಾಯಿತು. ತೂಕ ಇಳಿಯಿತು. ಜೊತೆಗೆ ಎಷ್ಟೋ ಜನರಿಗೆ ಕಣ್ಣಿನ ಪೊರೆ ಬಂತು, ಕೆಲವರು ದೇಹದ ಶಾಖ ಏರಿ ಸತ್ತರು. 1938ರಲ್ಲಿ ಅದು ಮನುಷ್ಯರ ಬಳಕೆಗೆ ಯೋಗ್ಯವಲ್ಲವೆಂದು ಘೋಷಿತವಾಯಿತು. ಡಿಎನ್‌ಪಿ ಎಂಬ ಹೆಸರಿನಲ್ಲಿ ಇದು ಅಂತರ್ಜಾಲದಲ್ಲಿ ಮತ್ತೆ ಮಾರಾಟವಾಗಿ ಈ ಶತಮಾನದಲ್ಲಿಯೂ ಯುವಕರ ಸಾವಿಗೆ ಕಾರಣವಾಗಿದೆ. ಏರಿದ ಶಾಖವನ್ನು ಇಳಿಸುವ ಪ್ರತಿವಿಷ ಇದಕ್ಕಿಲ್ಲ.

ದುಡಿಮೆಯಿಂದ ಹೆಚ್ಚುವ ಮೈಟೋಕಾಂಡ್ರಿಯಾ

1967ರಲ್ಲಿ ಜಾನ್ ಹೊಲೊಜಿ ಇಲಿಗಳನ್ನು ದಿನವೂ ಓಡಿಸಿ, ಅವುಗಳ ಕಾಲಿನ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಕಿಣ್ವಗಳು ಸುಮಾರು ಎರಡು ಪಟ್ಟಾಗುವುದನ್ನು ತೋರಿಸಿದರು. ಸ್ನಾಯು ದುಡಿದಾಗ ಎಟಿಪಿ ಖರ್ಚಾಗುತ್ತದೆ, ಆ ಕೊರತೆಯೇ ಸಂಕೇತವಾಗಿ ಹೊಸ ಮೈಟೋಕಾಂಡ್ರಿಯಾ ಕಟ್ಟುವ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ನಾಯರ್ ಅವರ ತಂಡವೇ 2017ರಲ್ಲಿ ಪ್ರಕಟಿಸಿದ 12 ವಾರಗಳ ತರಬೇತಿಯ ಅಧ್ಯಯನದಲ್ಲಿ, ನಡುನಡುವೆ ಬಿಡುವು ಕೊಟ್ಟು ಬಿರುಸಾಗಿ ಸೈಕಲ್ ತುಳಿದವರ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಾದ ಸಾಮರ್ಥ್ಯ ಯುವಜನರಲ್ಲಿ ಶೇ. 49ರಷ್ಟು, 65 ದಾಟಿದವರಲ್ಲಿ ಶೇ. 69ರಷ್ಟು ಏರಿತು. ವಯಸ್ಸಾದವರಿಗೆ ಲಾಭ ಹೆಚ್ಚು ಎಂಬುದು ಸಮಾಧಾನದ ಸಂಗತಿ. ಹೃದಯದ ತಪಾಸಣೆಯಿಲ್ಲದೆ ಇಂತಹ ಬಿರುಸಿನ ವ್ಯಾಯಾಮಕ್ಕೆ ಇಳಿಯುವುದು ಮಾತ್ರ ಸರಿಯಲ್ಲ.

ಅದಲ್ಲದೆ, ದುಡಿಯುವ ಸ್ನಾಯು ಇನ್ಸುಲಿನ್ ಸೂಚನೆಗೆ ಕಾಯದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆಯ ಏರಿಕೆ ತಗ್ಗುವುದು ಇದರಿಂದಲೇ.

ಮಾತ್ರೆಗಳ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಕೋಎನ್‌ಜೈಮ್ ಕ್ಯೂ10 ಮುಂತಾದವು ಮಧುಮೇಹವನ್ನು ತಡೆಯುತ್ತವೆ ಅಥವಾ ಗುಣಪಡಿಸುತ್ತವೆ ಎಂದು ಸಾಬೀತಾಗಿಲ್ಲ. 2009ರ ಜರ್ಮನಿಯ ಒಂದು ಪ್ರಯೋಗದಲ್ಲಿ ವ್ಯಾಯಾಮದ ಜೊತೆಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡವರಿಗೆ ವ್ಯಾಯಾಮದಿಂದ ಸಿಗಬೇಕಿದ್ದ ಇನ್ಸುಲಿನ್ ಲಾಭ ಸಿಗಲಿಲ್ಲ. ಮಾತ್ರೆ ಇಲ್ಲದೆ ವ್ಯಾಯಾಮ ಮಾಡಿದವರಿಗೆ ಸಿಕ್ಕಿತು. ಮೇಲೆ ಹೇಳಿದ ಆ ಅಲ್ಪ ಪ್ರಮಾಣದ ಪೆರಾಕ್ಸೈಡ್ ಸಂಕೇತವನ್ನು ಮಾತ್ರೆ ಅಳಿಸಿಹಾಕಿತ್ತು ಎಂಬುದು ಸಂಶೋಧಕರ ವಿವರಣೆ.

ಮೆಟ್‌ಫಾರ್ಮಿನ್ ಮತ್ತು ಬಿ12

ಮಧುಮೇಹಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮೈಟೋಕಾಂಡ್ರಿಯಾವನ್ನು ಬಲಪಡಿಸುವ ಔಷಧವಲ್ಲ. ಎಲೆಕ್ಟ್ರಾನ್ ಸಾಲಿನ ಮೊದಲ ಘಟ್ಟವನ್ನು ಅದು ಸ್ವಲ್ಪ ತಡೆಯುತ್ತದೆ ಎಂದು 2000ದಲ್ಲಿ ಎರಡು ತಂಡಗಳು ವರದಿ ಮಾಡಿದವು. ಸಾಮಾನ್ಯ ಪ್ರಮಾಣದಲ್ಲಿ ಅದು ಕೆಲಸ ಮಾಡುವುದು ಇದೊಂದೇ ದಾರಿಯಿಂದಲೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಲಿವರ್ ಅನವಶ್ಯಕವಾಗಿ ಗ್ಲೂಕೋಸ್ ತಯಾರಿಸುವುದು ಅದರಿಂದ ತಗ್ಗುತ್ತದೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಈ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದರೆ ಕರುಳಿನಲ್ಲಿ ವಿಟಮಿನ್ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರು, ಪನೀರ್ ಬಿಟ್ಟರೆ ಬೇರೆಲ್ಲೂ ಭರವಸೆಯ ಪ್ರಮಾಣದಲ್ಲಿ ಸಿಗುವುದಿಲ್ಲ. ಮೊಟ್ಟೆಯನ್ನೂ ತಿನ್ನದ ಕುಟುಂಬಗಳಲ್ಲಿ ಕೊರತೆ ಮೊದಲೇ ಸಾಮಾನ್ಯ. ದೇಹದಲ್ಲಿ ಬಿ12 ಅವಲಂಬಿಸಿದ ಕಿಣ್ವಗಳು ಎರಡೇ ಎರಡು. ಅವುಗಳಲ್ಲಿ ಒಂದು ಇರುವುದು ಮೈಟೋಕಾಂಡ್ರಿಯಾದ ಒಳಗೆ. ಕೆಲವು ಕೊಬ್ಬು ಮತ್ತು ಅಮೈನೋ ಆಮ್ಲಗಳನ್ನು ದಹನಕ್ಕೆ ಸಿದ್ಧಪಡಿಸುವುದು ಅದರ ಕೆಲಸ. ಬಿ12 ಇಲ್ಲದಾಗ ಅಲ್ಲಿ ಮಿಥೈಲ್‌ಮೆಲೋನಿಕ್ ಆಮ್ಲ ಉಳಿದುಬಿಡುತ್ತದೆ.

ಕೊರತೆಯಿಂದ ಪಾದ ಜುಮ್ಮೆನ್ನುವುದು, ಉರಿ, ನಡಿಗೆಯಲ್ಲಿ ತೂಗಾಟ, ಮರೆವು ಕಾಣಿಸುತ್ತವೆ. ಮಧುಮೇಹದ ನರದೋಷದ ಲಕ್ಷಣವೂ ಪಾದದ ಜುಮ್ಮು ಮತ್ತು ಉರಿಯೇ. ಹೀಗಾಗಿ 'ಶುಗರ್ ಇದ್ದ ಮೇಲೆ ಕಾಲು ಜುಮ್ ಅನ್ನುತ್ತೆ' ಎಂದು ಬಿಟ್ಟುಬಿಡುವ ಅಪಾಯವಿದೆ. ಬಿ12 ಕೊರತೆಯಿಂದಾದ ನರದೋಷ ಬೇಗ ಪತ್ತೆಯಾದರೆ ಸರಿಹೋಗುತ್ತದೆ, ತಡವಾದರೆ ಉಳಿದುಬಿಡಬಹುದು. ಮೆಟ್‌ಫಾರ್ಮಿನ್ ಸೇವಿಸುವ ಸಸ್ಯಾಹಾರಿಗಳು ಕಾಲಕಾಲಕ್ಕೆ ಬಿ12 ಪರೀಕ್ಷೆ ಮಾಡಿಸುವುದು ಅಗತ್ಯ.

ಉಪವಾಸದ ದಿನಗಳಲ್ಲಿ

ಊಟ ಬಿಟ್ಟು ಅರ್ಧ ದಿನ ದಾಟಿದ ಮೇಲೆ ಲಿವರ್‌ನ ಮೈಟೋಕಾಂಡ್ರಿಯಾ ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ತಯಾರಿಸತೊಡಗುತ್ತದೆ. ಉಪವಾಸ ಮುಂದುವರಿದಂತೆ ಮಿದುಳು, ಹೃದಯ, ಸ್ನಾಯು ಅದನ್ನು ಹೆಚ್ಚು ಹೆಚ್ಚಾಗಿ ಬಳಸುತ್ತವೆ. ತಯಾರಿಸಿದ ಲಿವರ್‌ಗೆ ತಾನೇ ಅದನ್ನು ಬಳಸಲು ಬರುವುದಿಲ್ಲ. ಆರೋಗ್ಯವಂತರಲ್ಲಿ ಇರುವ ಅಲ್ಪ ಇನ್ಸುಲಿನ್ ಈ ಉತ್ಪಾದನೆಯನ್ನು ಹದ್ದಿನಲ್ಲಿಡುತ್ತದೆ.

ಮಧುಮೇಹಿಗಳಲ್ಲಿ ಸ್ಥಿತಿ ಬೇರೆ. ದಶಲಕ್ಷಣ ಪರ್ವದಲ್ಲಿ ಅಥವಾ ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸ ಇರುವವರು ಎರಡು ಬಗೆಯ ಔಷಧಗಳ ಬಗ್ಗೆ ಮೊದಲೇ ತಿಳಿದಿರಬೇಕು. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ಬಗೆಯವು ಉಪವಾಸದಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಪವಾಸ ಮುರಿದು ಸಕ್ಕರೆ ಸೇವಿಸಲೇಬೇಕು. ಹಾಗೆಂದು ಇನ್ಸುಲಿನ್ನನ್ನು ತಾವಾಗಿಯೇ ಪೂರ್ತಿ ನಿಲ್ಲಿಸುವುದೂ ಅಪಾಯವೇ. ಎಷ್ಟು ತಗ್ಗಿಸಬೇಕು ಎಂಬುದನ್ನು ವೈದ್ಯರು ಹೇಳಬೇಕು. ಎರಡನೆಯದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯ, ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆಗಳು. ಇವನ್ನು ಸೇವಿಸುತ್ತ ಊಟವನ್ನೂ ನೀರನ್ನೂ ಬಿಟ್ಟರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರುವುದರಿಂದ ಮನೆಯವರು ಇದನ್ನು ಉಪವಾಸದ ಆಯಾಸ ಎಂದುಕೊಳ್ಳುವುದು ಸುಲಭ. ವಾಕರಿಕೆ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ಸೇವಿಸುತ್ತಿದ್ದಾರೆ ಎಂಬುದನ್ನು ಹೇಳಿ ಕೀಟೋನ್ ಪರೀಕ್ಷೆ ಮಾಡಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಈ ಮಾತ್ರೆಗಳನ್ನು ಕನಿಷ್ಠ ಮೂರು ದಿನ ನಿಲ್ಲಿಸುವುದು ಇದೇ ಕಾರಣಕ್ಕೆ. ಉಪವಾಸಕ್ಕೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಪರ್ವಕ್ಕೆ ಒಂದೆರಡು ವಾರ ಇರುವಾಗಲೇ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.